ಅಕ್ಷಾಂಶ, ರೇಖಾಂಶ ಮತ್ತು ಪೋಷಕರ ಸಭೆ

ಕಳೆದ ವಾರ ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ಎರಡು ಸಲ ನಡೆಯಿತು. ಮೊದಲ ದಿನದ ಫೋಟೊದಲ್ಲಿ ಬ್ಯಾನರಿನ ತಾರೀಕು ಯಾರದೋ ತಲೆಯ ಹಿಂದೆ ಮರೆಯಾಗಿತ್ತಂತೆ. ಮೇಲಿನಿಂದ ವಾಪಸ್ ಬಂತು. ಹೆಡ್ಮೇಷ್ಟ್ರು ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈ ಮುಗಿಯುವ ಬೊಂಬೆ ಹಾಕಿ, ನಾಳೆ ಮತ್ತೆ ಬನ್ನಿ ಎಂದರು. ಬ್ಯಾನರಿನ 12ನ್ನು ಸ್ಕೆಚ್ ಪೆನ್ನಿನಲ್ಲಿ 13 ಮಾಡಿದ್ದರು. ಎತ್ತರದವರೆಲ್ಲ ನೆಲಕ್ಕೆ ಕೂರಬೇಕೆಂಬುದೊಂದೇ ಹೊಸ ನಿರ್ಣಯ.

ಸಾಮಾನ್ಯ ಫೋಟೊ ಆಗುವುದಿಲ್ಲ. ಜಿಪಿಎಸ್ ಕ್ಯಾಮೆರಾದ್ದೇ ಆಗಬೇಕು. ಕೆಳಗೆ ಪುಟ್ಟ ನಕಾಶೆ, ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ ಎಲ್ಲ ತಾನಾಗಿ ಮೂಡುತ್ತದೆ. ಸಭೆಯಲ್ಲಿ ಏನು ಮಾತಾಡಿದರು ಎಂಬುದೊಂದು ಮೂಡುವುದಿಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ.

ನಾನು ಈ ಶಾಲೆಯ ಎಸ್‌ಡಿಎಂಸಿ ಸದಸ್ಯ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಅದರ ಪೂರ್ತಿ ಹೆಸರು. ಚುನಾವಣೆಗೆ ನಿಂತವನಲ್ಲ. ಎರಡು ವರ್ಷದ ಹಿಂದೆ ಶಾಲೆ ಗೇಟಿನ ಮುಂದೆ ನನ್ನ ಬೈಕು ಕೆಟ್ಟು ನಿಂತಿತ್ತು, ಒಳಗೆ ಕೋರಂಗೆ ಒಬ್ಬರು ಕಡಿಮೆ ಬಿದ್ದಿದ್ದರು. ಪ್ಲಗ್ ಒರೆಸಿ ಮುಗಿಯುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ.

ಈ ಸಮಿತಿಗಳು ಹುಟ್ಟಿದ್ದು 2001ರಲ್ಲಿ, ರಾಜಾ ರಾಮಣ್ಣನವರ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ. ಊರ ಶಾಲೆಯನ್ನು ಊರವರೇ ನೋಡಿಕೊಳ್ಳಲಿ ಎಂಬ ದೊಡ್ಡ ಆಸೆ. 1974ರಲ್ಲಿ ಪೋಖ್ರಾನಿನಲ್ಲಿ ಅಣುಬಾಂಬು ಸಿಡಿಸಿದ ತಂಡದ ಮುಂದಾಳು ಈ ರಾಮಣ್ಣನವರೇ. ಅದು ಮೊದಲ ಸಲಕ್ಕೇ ಸಿಡಿಯಿತು. ನಮ್ಮೂರ ಸಮಿತಿಯ ಬತ್ತಿ ಇನ್ನೂ ಒಣಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಬೇರೆ ಬಂತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ನಮ್ಮಲ್ಲಿ ಅದರ ಪಾಲನೆ ಅಕ್ಷರಶಃ ಆಗಿದೆ. ಸದಸ್ಯೆಯರ ಗಂಡಂದಿರು ಬಂದು ಕುರ್ಚಿಯಲ್ಲಿ ಕೂರುತ್ತಾರೆ, ಸಂಜೆ ಐದನೇ ಕ್ಲಾಸಿನ ಹುಡುಗನೊಬ್ಬ ನಡಾವಳಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸದಸ್ಯೆಯರ ಸಹಿ ತರುತ್ತಾನೆ. ಶಾಲೆಗೂ ಕುಟುಂಬಕ್ಕೂ ಸದ್ಯ ಗಟ್ಟಿಯಾಗಿ ಇರುವ ಸೇತುವೆ ಎಂದರೆ ಆ ಹುಡುಗನೇ. ಅವನು ರಜೆ ಹಾಕಿದರೆ ಸಮಿತಿಯೇ ಇಲ್ಲ.

ಕುಟುಂಬದ ಪಾಲು ಎಂದಕೂಡಲೇ ಇಲಾಖೆಗೆ ನೆನಪಾಗುವುದು ಜೇಬು. 2022ರ ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಹೊರಟಿತ್ತು, ಮರೆತಿರಲಾರಿರಿ. ಸರ್ಕಾರಿ ಶಾಲೆ ಮಕ್ಕಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು, ಸ್ವಇಚ್ಛೆಯಿಂದ, ಎಸ್‌ಡಿಎಂಸಿ ಮೂಲಕ. ಉಚಿತ ಶಿಕ್ಷಣಕ್ಕೆ ಸ್ವಇಚ್ಛೆಯ ಶುಲ್ಕ! ಗದ್ದಲವೆದ್ದು ಕೆಲವೇ ದಿನದಲ್ಲಿ ವಾಪಸಾಯಿತು. ಶಾಲೆಗೆ ಬರುವ ಯಾವ ಕಾಗದವೂ ಅಷ್ಟು ಬೇಗ ಬಂದು ಅಷ್ಟು ಬೇಗ ಹೋದದ್ದನ್ನು ನಾನು ಕಂಡಿಲ್ಲ.

ದೇಣಿಗೆ ಇಲ್ಲವೇ ಇಲ್ಲ ಎಂದಲ್ಲ. ಎರಡನೇ ಕೋಣೆಯ ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ದಾನಿಗಳ ಹೆಸರಿದೆ. ಕರೆಂಟ್ ಇದ್ದರೆ ಗಾಳಿ, ಹೋದರೆ ಹೆಸರು. ನಮ್ಮ ಭಾಗದಲ್ಲಿ ಮಕ್ಕಳು ಆ ಹೆಸರು ಓದಿಯೇ ಒತ್ತಕ್ಷರ ಕಲಿತರು ಎನ್ನಬಹುದು. ಇನ್ನು ಮೇಷ್ಟ್ರುಗಳ ದೇಣಿಗೆಗೆ ಬೋರ್ಡಿಲ್ಲ. ಬಿಸಿಯೂಟದ ಮೊಟ್ಟೆಗೆ ಸರ್ಕಾರ ಕೊಡುವುದು ತಾನು ಗೊತ್ತುಮಾಡಿದ ದರ, ಅಂಗಡಿಯವನು ಕೇಳುವುದು ಅವನ ಮನಸ್ಸಿಗೆ ಬಂದದ್ದು. ನಡುವಿನ ಚಿಲ್ಲರೆ ಹೆಡ್ಮೇಷ್ಟ್ರ ಸಂಬಳದಿಂದ. ಫ್ಯಾನಿನ ರೆಕ್ಕೆಯ ಹಾಗೆ ಮೊಟ್ಟೆಯ ಮೇಲೂ ಹೆಸರು ಬರೆಸಿ ಎಂದೆ ಒಮ್ಮೆ. ಅವರು ನಗಲಿಲ್ಲ.

ಮೇಷ್ಟ್ರು ಮನೆಗೇ ಬಂದು ತಂದೆತಾಯಿಯ ಜೊತೆ ಕೂತು ಮಾತಾಡಬೇಕು ಎಂದು ತರಬೇತಿಗಳಲ್ಲಿ ಹೇಳುತ್ತಿರುತ್ತಾರೆ. ಅದೂ ಆಯಿತು. 2025ರ ಸೆಪ್ಟೆಂಬರ್ 22ರಿಂದ ದಸರಾ ರಜೆಯಲ್ಲಿ ಮೇಷ್ಟ್ರುಗಳೆಲ್ಲ ಬ್ಯಾಗು ಹಾಕಿಕೊಂಡು ಮನೆಮನೆಗೆ ಬಂದರು. ನನ್ನ ಮಗಳ ಟೀಚರು ನಮ್ಮ ಜಗಲಿಯ ಮೇಲೆ ಕೂತು ಒಂದು ಗಂಟೆ ಮಾತಾಡಿದರು. ಕೇಳಿದ್ದು 60 ಪ್ರಶ್ನೆ. ಜಾತಿ, ಉಪಜಾತಿ, ಜಮೀನು, ಸಾಲ. ನನ್ನ ಮಗಳು ದಶಕ ತೆಗೆದುಕೊಂಡು ಕಳೆಯುವುದನ್ನು ಕಲಿತಳೋ ಇಲ್ಲವೋ ಎಂಬ 61ನೆಯದು ಪಟ್ಟಿಯಲ್ಲಿರಲಿಲ್ಲ. ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಅಂತ ಹೆಸರು. ನಡುನಡುವೆ ಒಟಿಪಿ ಬಾರದೆ ಟೀಚರು ನಮ್ಮ ತೆಂಗಿನಮರದ ಬುಡ, ಹಿತ್ತಿಲು, ಕೊನೆಗೆ ತಾರಸಿವರೆಗೂ ಹೋಗಿ ಬಂದರು. ನಮ್ಮ ಮನೆಯ ಮೂಲೆಮೂಲೆಯನ್ನೂ ಅಷ್ಟು ಚೆನ್ನಾಗಿ ಬಲ್ಲವರು ನೆಂಟರಲ್ಲೂ ಯಾರಿಲ್ಲ. ರಜೆ ಮುಗಿದರೂ ಸಮೀಕ್ಷೆ ಮುಗಿಯದೆ ಅಕ್ಟೋಬರ್ 18ರವರೆಗೆ ರಜೆಯನ್ನೇ ಎಳೆದರು. ದಶವಾರ್ಷಿಕ ಜನಗಣತಿ, ವಿಪತ್ತು, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಅದೇ 2009ರ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಹೇಳಿಕೊಳ್ಳಲಿ ಬಿಡಿ, ಅದಕ್ಕೇನು ಜಿಪಿಎಸ್ ಇದೆಯೇ?

ಮತ್ತೆ ಸಭೆಗೆ ಬರುತ್ತೇನೆ. ಎರಡನೇ ಸಲದ್ದಕ್ಕೆ. ಅಜೆಂಡಾ ಓದಿದರು. ಹಿಂದಿನ ಸಭೆಯ ನಡಾವಳಿ ದೃಢೀಕರಣ, ಕಾಂಪೌಂಡು, ಶೌಚಾಲಯದ ನಲ್ಲಿ, ಅಪಾರ್ ಐಡಿ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆಗೆ ಪೋಷಕರ ಒಪ್ಪಿಗೆ, ಆಧಾರಿನಲ್ಲಿ ಒಂದು ಶಾಲೆಯಲ್ಲಿ ಇನ್ನೊಂದು ಆಗಿರುವ ಹೆಸರುಗಳು. ಮಂಜುನಾಥ ಒಂದು ಕಡೆ ಮಂಜುನಾಥ್, ಇನ್ನೊಂದು ಕಡೆ ಮಂಜುನಾತ. ಆ ಬಗ್ಗೆಯೇ ಇಪ್ಪತ್ತು ನಿಮಿಷ. ಕೊನೆಯದು ಮಾಮೂಲಿನಂತೆ, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು.

ಕೂಲಿ ಬಿಟ್ಟು ಎರಡನೇ ದಿನವೂ ಬಂದಿದ್ದ ಒಬ್ಬ ತಾಯಿ ಎದ್ದು ನಿಂತರು. "ಸಾರ್, ನನ್ ಮಗ ಮೂರ್ನೇ ಕ್ಲಾಸು. ಪುಸ್ತಕ ಹಿಡಿದ್ರೆ ಪಟಪಟ ಅಂತ ಹೇಳ್ತಾನೆ. ಪುಟ ಮಗುಚಿದ್ರೂ ಅದ್ನೇ ಹೇಳ್ತಾನೆ."

ಹೆಡ್ಮೇಷ್ಟ್ರು ಅಜೆಂಡಾ ನೋಡಿದರು. "ಅದು ಇತರೆ ವಿಷಯದಲ್ಲಿ ಬರುತ್ತೆ ಕಣಮ್ಮ. ಅಧ್ಯಕ್ಷರು ಅಪ್ಪಣೆ ಕೊಡ್ಬೇಕು."

ಅಧ್ಯಕ್ಷರು ಬಂದಿರಲಿಲ್ಲ. ಅವರ ಗಂಡ ಬಂದಿದ್ದರು. ಮನೇಲಿ ಕೇಳಿ ಹೇಳ್ತೀನಿ ಎಂದರು.

ಫೋಟೊ ತೆಗೆದರು. ಈ ಸಲ ತಾರೀಕು ಕಂಡಿತು, ಜನರ ಮುಖ ಅಷ್ಟಾಗಿ ಕಾಣಲಿಲ್ಲ, ತೊಂದರೆಯಿಲ್ಲ ಎಂದರು. ಆದರೆ ಫೋಟೊ ಹೋಗಲೊಲ್ಲದು. ನೆಟ್‌ವರ್ಕು ಒಂದು ಕಡ್ಡಿ. ಫೋನನ್ನು ಧ್ವಜಕಟ್ಟೆಯ ಮೇಲಿಟ್ಟು, ಅದು ಹೋಗುವವರೆಗೆ ಯಾರೂ ಏಳಬೇಡಿ, ಮತ್ತೆ ತೆಗೆಯಬೇಕಾದೀತು ಎಂದರು. ಎಲ್ಲರೂ ಕೂತೆವು.

ಮಾಡಲು ಏನೂ ಕೆಲಸವಿಲ್ಲದೆ ಟೀಚರು ಆ ತಾಯಿಯ ಪಕ್ಕ ಹೋಗಿ ಕೂತರು. ಹುಡುಗನನ್ನು ಕರೆಸಿದರು. ಬಿಸಿಯೂಟದ ಕೋಣೆಯ ಗೋಡೆಯ ಮೇಲಿನ ಅಕ್ಷರ ತೋರಿಸಿ, ಇದು ಯಾವುದು, ಅದು ಯಾವುದು ಎಂದು ಕೇಳಿದರು. 'ಬ'ಗೂ 'ಭ'ಗೂ ಎಲ್ಲಿ ಎಡವುತ್ತಾನೆಂದು ತಾಯಿಗೆ ಹೇಳಿದರು. ನನಗೆ ಓದಾಕ್ ಬರಲ್ವಲ್ಲ ಮಿಸ್ಸು ಎಂದರು ಅವರು. ಬೇಡ, ದಿನಾ ರಾತ್ರಿ ಅಂಗಡಿ ಚೀಟಿ ಕೊಟ್ಟು ಅವನ ಕೈಲಿ ಓದಿಸಿ, ಬೇಳೆ ಎಷ್ಟು ಬೆಲ್ಲ ಎಷ್ಟು ಅಂತ ನಿಮಗೆ ಗೊತ್ತೇ ಇರುತ್ತಲ್ಲ ಎಂದರು ಟೀಚರು. ಹುಡುಗ ಅಲ್ಲೇ ಒಂದು ಚೀಟಿಯನ್ನು ಅಕ್ಷರ ಅಕ್ಷರ ಬಿಡಿಸಿ ಓದತೊಡಗಿದ. ಭಾರತ ಅಂತ ಇದ್ದ ಬೀಡಿ ಕಟ್ಟಿನ ಹತ್ತಿರ ಬಂದು ನಿಂತ.

ಧ್ವಜಕಟ್ಟೆಯ ಮೇಲೆ ಫೋನು ಟಿಂಗ್ ಎಂದಿತು.

"ಹೋಯ್ತು ಹೋಯ್ತು, ಸಭೆ ಮುಗೀತು, ಎಲ್ರೂ ಏಳಿ" ಎಂದರು ಹೆಡ್ಮೇಷ್ಟ್ರು.