ಹೊವಾಟ್ಸಿನ್‌ಗೆ ಎರಡೇ ಸಾಲು ಸಾಲದು

ದಕ್ಷಿಣ ಅಮೆರಿಕದ ಹೊವಾಟ್ಸಿನ್ ಹಕ್ಕಿಯ ಮರಿಗೆ ರೆಕ್ಕೆಯಲ್ಲಿ ಉಗುರುಗಳಿವೆ ಎಂದಷ್ಟೇ ನಿಮ್ಮ ಲೇಖನದಲ್ಲಿ ಎರಡು ಸಾಲು ಹೇಳಿ ಮುಗಿಸಿದ್ದೀರಿ. ನನಗೆ ಅದಕ್ಕಿಂತ ದೊಡ್ಡ ಅಚ್ಚರಿ ಅದರ ಹೊಟ್ಟೆ. ಅಲ್ಲ, ಹೊಟ್ಟೆಗೂ ಮೊದಲು ಸಿಗುವ ಗಂಟಲಚೀಲ! ತಿಂದ ಎಲೆಗಳನ್ನು ಅಲ್ಲಿ ಬ್ಯಾಕ್ಟೀರಿಯಾಗಳು ಹುಳಿಯಿಸಿ ಅರಗಿಸುತ್ತವೆ, ಥೇಟ್ ದನದ ಹೊಟ್ಟೆಯಲ್ಲಿ ಆಗುವಂತೆ. ಈ ಹಕ್ಕಿಯಿಂದ ಸಗಣಿಯ ವಾಸನೆ ಬರುವುದೂ ಅದಕ್ಕೇ. ಆ ಚೀಲ ಎಷ್ಟು ದೊಡ್ಡದೆಂದರೆ ಹಾರಾಟದ ಸ್ನಾಯುಗಳಿಗೆ ಎದೆಯಲ್ಲಿ ಜಾಗ ಸಾಲದೆ, ಹಕ್ಕಿ ಕಷ್ಟಪಟ್ಟು ತುಸು ದೂರ ಮಾತ್ರ ಹಾರುತ್ತದೆ. ಇನ್ನು ಮರಿಯ ಉಗುರುಗಳು ಪ್ರತಿ ರೆಕ್ಕೆಗೆ 2. ಅಪಾಯ ಬಂದಾಗ ಮರಿ ಗೂಡಿನಿಂದ ಕೆಳಗಿನ ನೀರಿಗೆ ಧುಮುಕಿ, ಈಜಿ, ಅದೇ ಉಗುರುಗಳಿಂದ ಕೊಂಬೆ ಹಿಡಿದು ಮೇಲೇರುತ್ತದೆ. ಗಯಾನಾದ ರಾಷ್ಟ್ರಪಕ್ಷಿಯೂ ಇದೇ. ದಯವಿಟ್ಟು ಇದೊಂದರ ಮೇಲೆಯೇ ಪೂರ್ತಿ ಲೇಖನ ಬರೆಯಿರಿ.