ಡೌಸ್‌ಗೆ ಒಂದೇ ಅರ್ಥ ಅಂತೆ!

ಪಕ್ಕದ ಮನೆ ಹುಡುಗಿ ಇಂಗ್ಲಿಷ್ ಟೆಸ್ಟ್ ಪೇಪರ್ ತಂದು ತೋರಿಸಿದ್ಲು. ಡೌಸ್ (douse) ಅನ್ನೋ ಪದಕ್ಕೆ 'ನೀರಲ್ಲಿ ತೋಯಿಸು' ಅಂತ ಬರೆದಿದಾಳೆ, ಅದ್ರ ಮೇಲೆ ಹಾಳೆ ಹರಿಯೋ ಹಾಗೆ ಕೆಂಪು ಇಂಟು, ಪಕ್ಕದಲ್ಲಿ 'ಬೆಂಕಿ ಆರಿಸು' ಅಂತ ತಿದ್ದುಪಡಿ. ಗೈಡಲ್ಲಿ ಹಂಗೇ ಇದೆಯಂತೆ. ನನ್ನ ಡಿಕ್ಷನರಿ ಹುಚ್ಚು ಗೊತ್ತಲ್ಲ ನಿಮಗೆ, ತಲೆ ಕೆಟ್ಟೋಯ್ತು.

ಅಲ್ಲಾ ಸ್ವಾಮಿ, ನೀರಿಗೆ ಅದ್ದು ಅನ್ನೋದೇ ಹಳೇ ಅರ್ಥ, 1600ರ ಆಸುಪಾಸಿಂದು. ದೀಪ, ಬೆಂಕಿ ಆರಿಸೋದೆಲ್ಲ ಬಂದಿದ್ದು 18ನೇ ಶತಮಾನದಲ್ಲಿ. ಹಡಗಿನೋರು ಹಾಯಿ ಸರಕ್ಕನೆ ಇಳಿಸೋದಕ್ಕೂ ಡೌಸ್ ಅಂತಾರೆ. ಇನ್ನೂ ಹಿಂದೆ, 16ನೇ ಶತಮಾನದಲ್ಲಿ, ಹೊಡಿ, ಬಾರಿಸು ಅಂತಿತ್ತು. ಬಡಿಯೋದು ಅನ್ನೋ ಹಳೇ ಡಚ್ ಪದದ ನೆಂಟ ಇರಬಹುದು ಅಂತಾರೆ, ಬುಡ ಮಾತ್ರ ಪಕ್ಕಾ ಆಗಿಲ್ಲ.

ಬಡಿಯೋದು ಅಂದ್ರೆ ನಮ್ಗೆ ಹೇಳಿಕೊಡಬೇಕಾ? ತೀರ್ಥಹಳ್ಳಿ ಕಡೆ ಬೇಸಿಗೇಲಿ ಗುಡ್ಡಕ್ಕೆ ಬೆಂಕಿ ಬಿದ್ರೆ ಮೇಲಕ್ಕೆ ನೀರು ಯಾರು ಹೊರ್ತಾರೆ, ಹಸಿ ಸೊಪ್ಪಿನ ಕೊಂಬೆ ಮುರ್ಕೊಂಡು ಉರಿಯೋ ಅಂಚಿಗೆ ಪಟಪಟ ಬಡೀತಾರೆ, ಎಲೆ ಸುಟ್ಟು ಬರೀ ಕಡ್ಡಿ ಉಳೀತು ಅಂದ್ರೆ ಇನ್ನೊಂದು ಕೊಂಬೆ. ಒಂದು ತೊಟ್ಟು ನೀರಿಲ್ದೆ ಡೌಸ್!

ನಮ್ಮ 'ಆರಿಸು' ಏನು ಕಮ್ಮಿನಾ? ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಬಟ್ಟೆ ಆರಿಸ್ತೀವಿ, ಮಲಗುವಾಗ ದೀಪ ಆರಿಸ್ತೀವಿ, ಐದು ವರ್ಷಕ್ಕೊಂದ್ಸಲ ಎಮ್ಮೆಲ್ಲೆನೂ ಆರಿಸ್ತೀವಿ (ಅದೊಂದು ಬೇಡಾಗಿತ್ತು). ಅವ್ರು ಒದ್ದೆ ಮಾಡೋ ಪದದಲ್ಲೇ ಬೆಂಕಿ ನಂದಿಸ್ತಾರೆ, ನಾವು ಒಣಗಿಸೋ ಪದದಲ್ಲಿ. ನಂಗಂತೂ ಇದು ಗೊತ್ತಾದ ದಿನ ಊಟನೂ ಬೇಡ ಅನ್ನಿಸಿತ್ತು, ಅಷ್ಟು ಖುಷಿ. ಇಂಥದ್ದನ್ನ ಮಕ್ಕಳಿಗೆ ಹೇಳೋದು ಬಿಟ್ಟು ಇಂಟು ಹಾಕ್ತಾರಲ್ರೀ!

ಪಾಪ, ರಾಶಿ ಪೇಪರ್ ತಿದ್ದಬೇಕು, ಕೀ ಆನ್ಸರ್ ಬಿಟ್ಟು ಮಾರ್ಕ್ಸ್ ಕೊಟ್ರೆ ಮೇಲಿನೋರು ಕೇಳ್ತಾರೆ ಅಂತೀರಾ? ಕೇಳ್ಲಿ ಬಿಡಿ. ಅಷ್ಟುದ್ದ ಇಂಟು ಎಳೆಯೋ ಹೊತ್ತಿಗೆ ಮೊಬೈಲಲ್ಲಿ ಅರ್ಥ ನೋಡಬಹುದಿತ್ತು.

ಇನ್ನೊಂದ್ ಕೇಳಿ. ಮೈಮೇಲೆ ಪೆಟ್ರೋಲ್ ಸುರ್ಕೊಂಡ ಅನ್ನೋದಕ್ಕೂ ಇಂಗ್ಲಿಷ್ ಪೇಪರಿನೋರು ಡೌಸ್ ಅಂತಲೇ ಬರೀತಾರೆ. ಈ ಗೈಡ್ ನಂಬಿ ಓದಿದ ಮಗು ಏನಂತ ತಿಳ್ಕೋಬೇಕು, ಪೆಟ್ರೋಲ್ ಹಾಕಿ ಬೆಂಕಿ ಆರಿಸಿದ್ರು ಅಂತಾನಾ? ಗೈಡ್ ಬರೆದ ಪುಣ್ಯಾತ್ಮರು ಯಾರಾದ್ರೂ ನನ್ನ ಫ್ರೆಂಡ್ ಲಿಸ್ಟಲ್ಲಿದ್ರೆ ಉತ್ತರ ಕೊಡಿ, ಕಾಯ್ತಿದೀನಿ.