ಫ್ರೂಮ್ ಕೈಯಿಂದ ಟೂರ್ ತಪ್ಪಿದ್ದು ತಂಡದ ಮಾತಿನಿಂದ ಮಾತ್ರವಲ್ಲ

ಸಿಂಹಗಡದ ಏರು ಹತ್ತುವ ಪುಣೆಯ ನಮ್ಮ ಕನ್ನಡ ಸೈಕಲ್ ಬಳಗದಲ್ಲಿ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. 2012ರ ಟೂರ್ ಡಿ ಫ್ರಾನ್ಸ್ (ಫ್ರಾನ್ಸ್‌ನ ಮೂರು ವಾರದ ದೊಡ್ಡ ಸೈಕಲ್ ಓಟ) ಗೆಲ್ಲಬೇಕಿದ್ದವರು ಕ್ರಿಸ್ ಫ್ರೂಮ್, ಅವರ ಸ್ಕೈ ತಂಡವೇ ಅವರನ್ನು ತಡೆದು ತಂಡದ ನಾಯಕ ಬ್ರಾಡ್ಲಿ ವಿಗಿನ್ಸ್‌ರನ್ನು ಗೆಲ್ಲಿಸಿತು ಅಂತ.

ಇದು ಅರ್ಧ ನಿಜ. ಆಲ್ಪ್ಸ್ ಬೆಟ್ಟಗಳ ಲಾ ತುಸ್ವೀರ್ ಏರಿನಲ್ಲಿ ಫ್ರೂಮ್ ಮುಂದೆ ನುಗ್ಗಿದ್ದರು. ತಂಡದವರು ರೇಡಿಯೋದಲ್ಲಿ ಹೇಳಿದ ಮೇಲೆ ನಿಧಾನಿಸಿ ನಾಯಕ ವಿಗಿನ್ಸ್‌ಗಾಗಿ ಕಾದರು. ಬೆಟ್ಟದಲ್ಲಿ ಫ್ರೂಮ್ ಅವರೇ ಜಾಸ್ತಿ ಗಟ್ಟಿ, ಅದನ್ನು ಒಪ್ಪೋಣ.

ಆದರೆ ಲೆಕ್ಕ ನೋಡಿ. ಎಲ್ಲ ದಿನಗಳ ಸಮಯ ಕೂಡಿಸಿದಾಗ ಕೊನೆಗೆ ಇಬ್ಬರ ನಡುವಿನ ಅಂತರ 3 ನಿಮಿಷ 21 ಸೆಕೆಂಡ್. ಮೊದಲ ಹಂತದಲ್ಲೇ (ಹಂತ ಅಂದರೆ ಒಂದು ದಿನದ ಓಟ) ಪಂಕ್ಚರ್ ಆಗಿ ಫ್ರೂಮ್ 1 ನಿಮಿಷ 25 ಸೆಕೆಂಡ್ ಕಳೆದುಕೊಂಡಿದ್ದರು. ಆಮೇಲೆ ಗಡಿಯಾರದ ವಿರುದ್ಧ ಓಡಿಸುವ ಎರಡು ಉದ್ದದ ಟೈಮ್ ಟ್ರಯಲ್‌ಗಳು. ಒಂದರಲ್ಲಿ ವಿಗಿನ್ಸ್ 35 ಸೆಕೆಂಡ್, ಇನ್ನೊಂದರಲ್ಲಿ 1 ನಿಮಿಷ 16 ಸೆಕೆಂಡ್ ಮುಂದಿದ್ದರು. ಇಷ್ಟಕ್ಕೇ 3 ನಿಮಿಷ 16 ಸೆಕೆಂಡ್ ಆಯ್ತು ಅಲ್ವಾ? ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರೇ ಓಡಿಸುವುದು, ಯಾರೂ ಯಾರಿಗೂ ಕಾಯುವಂತಿಲ್ಲ.

ತಡೆಯದಿದ್ದರೆ ಫ್ರೂಮ್ ಒಂದಿಷ್ಟು ಸೆಕೆಂಡ್ ಗಳಿಸುತ್ತಿದ್ದರು. ಟೂರನ್ನೇ ಕಿತ್ತುಕೊಂಡರು ಅನ್ನೋದು ಸುಮ್ನೆ ಮಾತು. ಮರುವರ್ಷ ಅವರೇ ನಾಯಕರಾಗಿ ಗೆದ್ದರು. ವಿಗಿನ್ಸ್ ಆ ಟೂರ್‌ನಲ್ಲಿ ಇರಲೇ ಇಲ್ಲ.